ಶಿಕ್ಷಣದ ಅರ್ಥಶಾಸ್ತ್ರದಲ್ಲಿ ರಿಸರ್ಚ್ ಮಾಡೋರೆಲ್ಲ ಎಲ್ಲಿಂದ ಬಂದೋರು? ಪ್ರೈಮರಿ ಶಾಲೆ ಮೇಷ್ಟ್ರಿಗೆ ಅಲ್ಲಿ ಜಾಗ ಇದೆಯಾ?

ನಲಿಕಲಿ_ಮೇಷ್ಟ್ರು:

ನಮಸ್ಕಾರ ಎಲ್ರಿಗೂ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೇಲಿ ಮೇಷ್ಟ್ರು, ಸರ್ವಿಸ್‌ಗೆ ಸೇರಿ 11 ವರ್ಷ ಆಯ್ತು. ಡಿಎಡ್ ಮುಗಿಸಿ ಕೆಲಸಕ್ಕೆ ಸೇರ್ಕೊಂಡೆ, ಆಮೇಲೆ ಬಿಎ, ಎಂಎ ಎರಡೂ ಓಪನ್ ಯೂನಿವರ್ಸಿಟಿಲಿ ಕಟ್ಟಿ ಪಾಸ್ ಮಾಡ್ಕೊಂಡೆ. ಎಂಎ ಎಕನಾಮಿಕ್ಸ್, 63 ಪರ್ಸೆಂಟ್. ಓದ್ತಾ ಓದ್ತಾ ಈ ಶಿಕ್ಷಣದ ಅರ್ಥಶಾಸ್ತ್ರ ಅನ್ನೋ ವಿಷಯ ತಲೇಲಿ ಕೂತ್ಬಿಟ್ಟಿದೆ, ಪಿಎಚ್‌ಡಿ ಮಾಡ್ಬೇಕು ಅಂತ ಆಸೆ.

ಆಸೆ ಯಾಕೆ ಬಂತು ಅಂತ ಹೇಳ್ಬಿಡ್ತೀನಿ. ಹೋದ ವರ್ಷ ನಮ್ಮ ಶಾಲೇಲಿ 62 ಮಕ್ಕಳು, ಮೂರು ಜನ ಟೀಚರ್ಸು. ಈ ವರ್ಷ ಐದನೇ ಕ್ಲಾಸು ಮುಗಿಸಿ ಹೋದೋರಷ್ಟೇ ಮಕ್ಕಳು ಒಂದನೇ ಕ್ಲಾಸಿಗೆ ಬಂದ್ರು, ಆದ್ರೆ ಅಣ್ಣ ತಂಗಿ ಇಬ್ರು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗಾರೆ ಕೆಲಸದ ಕಡೆ ಹೋದ್ರು, ಇನ್ನೊಬ್ಬ ಕಾನ್ವೆಂಟ್ ವ್ಯಾನ್ ಹತ್ತಿದ. 59 ಆಯ್ತು. ಮೂರನೇ ಮೇಡಂ ಹೆಚ್ಚುವರಿ ಅಂತ ಲಿಸ್ಟ್ ಬಂತು, ಬೇರೆ ಶಾಲೆಗೆ ಹೋದ್ರು. ಈಗ ಹೆಡ್‌ಮಿಸ್ಟ್ರೆಸ್ ಒಂದು ಎರಡು ಮೂರನ್ನ ನಲಿಕಲಿಲಿ ನೋಡ್ಕೊಳ್ತಾರೆ, ನಾಲ್ಕು ಐದು ನಂದು, ಜೊತೆಗೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಅನ್ನೋ ಆನ್‌ಲೈನ್ ವ್ಯವಸ್ಥೇಲಿ ಮಕ್ಕಳ ವಿವರದ ಎಂಟ್ರಿ, ಮೀಟಿಂಗು. ನಾಲ್ಕನೇ ಕ್ಲಾಸಿನವ್ರಿಗೆ ಭಾಗಾಕಾರ ಹೇಳಿಕೊಡ್ತಾ ಇರ್ಬೇಕಾದ್ರೆ ಐದನೇ ಕ್ಲಾಸು ಅದೇ ಹಾಲ್‌ನ ಇನ್ನೊಂದು ಕಡೆ ಕಾಪಿ ಬರೀತಾ ಕೂತಿರುತ್ತೆ, ಅವ್ರಿಗೂ ಭಾಗಾಕಾರ ಸರಿಯಾಗಿ ಬರಲ್ಲ ಅಂತ ಗೊತ್ತು ಆದ್ರೆ ನಾನೊಬ್ಬನೇ. ಮೂರು ಮಕ್ಕಳು ಹೋಗಿದ್ದಕ್ಕೆ ಉಳಿದ 59 ಮಕ್ಕಳು ಎಷ್ಟು ಕಳ್ಕೊಂಡ್ರು? ಈ ಲೆಕ್ಕ ಯಾರಾದ್ರೂ ಹಾಕಿದಾರಾ, ಹೆಂಗೆ ಹಾಕ್ತಾರೆ, ಅದು ನನಗೆ ಬೇಕು.

ಒಬ್ರು ಪ್ರೊಫೆಸರ್ ಹತ್ರ ಹೋಗಿ ಕೇಳ್ದೆ. ಅವ್ರು "ಟೀಚರ್ಸ್ ಎಜುಕೇಶನ್ ಡಿಪಾರ್ಟ್‌ಮೆಂಟಿಗೆ ಹೋಗ್ಬೇಕಪ್ಪ, ಇದು ಎಕನಾಮಿಸ್ಟುಗಳ ಕೆಲಸ, ನಿಮ್ಮ ಬ್ಯಾಕ್‌ಗ್ರೌಂಡ್‌ಗೆ ಆಗಲ್ಲ" ಅಂದ್ರು. ಅವತ್ತಿಂದ ಒಂದೇ ಯೋಚ್ನೆ. ಈ ಫೀಲ್ಡ್‌ನಲ್ಲಿ ಹೆಸ್ರು ಮಾಡಿರೋರು ಮೊದ್ಲು ಏನ್ ಓದಿದ್ರು, ಏನ್ ಕೆಲಸ ಮಾಡ್ತಿದ್ರು? ಎಲ್ರೂ ಶುರುವಿಂದ ಎಕನಾಮಿಕ್ಸೇನಾ? ಪಾಠ ಮಾಡಿ ಬಂದೋರು ಯಾರಾದ್ರೂ ಇದಾರಾ? ಗೊತ್ತಿರೋರು ದಯವಿಟ್ಟು ಹೇಳಿ.

---

ಅಂಕೆಸಂಖ್ಯೆ:

ಸರ್, ನಾನು ಇಂಗ್ಲೆಂಡಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಕೊನೇ ವರ್ಷದಲ್ಲಿದೀನಿ, ಊರು ಹಾಸನ. ನಿಮ್ಮ ಪ್ರಶ್ನೆ ಎರಡು ಸಲ ಓದ್ದೆ. ಬ್ಯಾಕ್‌ಗ್ರೌಂಡ್ ಬಗ್ಗೆ ಮೊದ್ಲು ಹೇಳ್ತೀನಿ.

ಈ ಫೀಲ್ಡು ಶುರುವಾಗಿದ್ದೇ ಒಬ್ಬ ರೈತನ ಮಗನಿಂದ. ಥಿಯೋಡರ್ ಶುಲ್ಟ್ಜ್, ಅಮೆರಿಕದ ಸೌತ್ ಡಕೋಟಾದ ಜಮೀನಿನಲ್ಲಿ ಬೆಳೆದೋರು. ಮೊದಲನೇ ಮಹಾಯುದ್ಧದ ಟೈಮಲ್ಲಿ ಹೊಲಕ್ಕೆ ಆಳು ಸಿಗಲ್ಲ ಅಂತ ಅಪ್ಪ ಎಂಟನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ರು, ಹೈಸ್ಕೂಲಿಗೆ ಹೋಗ್ಲೇ ಇಲ್ಲ. ಆಮೇಲೆ ಅಲ್ಲಿನ ಕೃಷಿ ಕಾಲೇಜಲ್ಲಿ ಚಳಿಗಾಲದ ಶಾರ್ಟ್ ಕೋರ್ಸ್ ಸೇರ್ಕೊಂಡು ಅಲ್ಲಿಂದ ಡಿಗ್ರಿ, 1930ಕ್ಕೆ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ. ಅವ್ರು ಕೃಷಿ ಅರ್ಥಶಾಸ್ತ್ರಜ್ಞ, ಶಿಕ್ಷಣಕ್ಕೂ ಅವ್ರಿಗೂ ಸಂಬಂಧ ಇರ್ಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಳ್ಳಿ ಕಡೆ ರೈತರನ್ನ ಮಾತಾಡಿಸ್ತಾ ಓಡಾಡ್ತಿದ್ದಾಗ ಒಂದು ವಯಸ್ಸಾದ ಜೋಡಿ ಸಿಗ್ತಾರೆ, ನೋಡಿದ್ರೆ ಬಡವ್ರು, ಆದ್ರೆ ನೆಮ್ಮದಿಯಾಗಿದಾರೆ. ಯಾಕೆ ಅಂತ ಕೇಳಿದ್ರೆ, ನಾವು ಬಡವ್ರಲ್ಲ, ಜಮೀನಿಂದ ಬಂದಿದ್ದೆಲ್ಲ ನಾಲ್ಕು ಮಕ್ಕಳನ್ನ ಕಾಲೇಜು ಓದಿಸೋಕೆ ಹಾಕಿದೀವಿ, ಆ ಓದಿಂದ ಅವ್ರು ದುಡೀತಾರೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ರಂತೆ. ನಮ್ಮೂರಲ್ಲಿ ತೆಂಗಿನ ತೋಟ ಅಡ ಇಟ್ಟು ಮಗಳನ್ನ ಓದಿಸಿದ ಯಾವ ಅಪ್ಪನೂ ಇದೇ ಹೇಳ್ತಾನೆ. ಓದು ಅಂದ್ರೆ ಖರ್ಚಲ್ಲ, ಬಂಡವಾಳ ಅನ್ನೋ ಮಾತನ್ನ ಶುಲ್ಟ್ಜ್ 1960ರಲ್ಲಿ ಅಮೆರಿಕನ್ ಎಕನಾಮಿಕ್ ಅಸೋಸಿಯೇಶನ್ ಅಧ್ಯಕ್ಷ ಭಾಷಣದಲ್ಲಿ ಎಲ್ಲರ ಮುಂದೆ ಇಟ್ರು, 1979ಕ್ಕೆ ನೊಬೆಲ್ ಬಂತು.

ಅವ್ರ ಜೊತೆಗೆ ಹೆಸ್ರು ಬರೋ ಜೇಕಬ್ ಮಿನ್ಸರ್ ಪೋಲೆಂಡಿನವ್ರು, ಯುದ್ಧದ ಕಾಲದ ಸೆರೆವಾಸ ದಾಟಿ ಅಮೆರಿಕಕ್ಕೆ ಬಂದೋರು. ಒಂದು ವರ್ಷ ಜಾಸ್ತಿ ಓದಿದ್ರೆ ಸಂಬಳ ಎಷ್ಟು ಪರ್ಸೆಂಟ್ ಜಾಸ್ತಿ ಅಂತ ಇವತ್ತಿಗೂ ಲೆಕ್ಕ ಹಾಕೋದು ಅವ್ರ ಸಮೀಕರಣದಿಂದಾನೇ. ಎರಿಕ್ ಹನುಶೆಕ್ ಓದಿದ್ದು ಅಮೆರಿಕದ ಏರ್‌ಫೋರ್ಸ್ ಅಕಾಡೆಮಿಲಿ, ಆಮೇಲೆ ಎಂಐಟಿಲಿ ಪಿಎಚ್‌ಡಿ. ಶಾಲೆಗೆ ದುಡ್ಡು ಸುರಿದ ಮಾತ್ರಕ್ಕೆ ಕಲಿಕೆ ಜಾಸ್ತಿ ಆಗಲ್ಲ ಅಂತ ವಾದ ಮಾಡಿ ಅರ್ಧ ಫೀಲ್ಡನ್ನ ಎದುರು ಹಾಕ್ಕೊಂಡೋರು ಅವ್ರು. ಎಸ್ತರ್ ಡುಫ್ಲೊ ಮೊದ್ಲು ಇತಿಹಾಸದ ವಿದ್ಯಾರ್ಥಿ. ಇಂಡೋನೇಷ್ಯಾ ಸರ್ಕಾರ 1973ರಿಂದ ಐದಾರು ವರ್ಷದಲ್ಲಿ 61 ಸಾವಿರಕ್ಕೂ ಜಾಸ್ತಿ ಪ್ರೈಮರಿ ಶಾಲೆ ಕಟ್ಟಿತ್ತಲ್ಲ, ಅದ್ರಿಂದ ಆ ಮಕ್ಕಳ ಓದು, ಸಂಬಳ ಎಷ್ಟು ಏರಿತು ಅಂತ ಅವ್ರು ಮಾಡಿದ ಪೇಪರ್ರು ಈಗ ಪ್ರತಿ ಕೋರ್ಸಲ್ಲೂ ಪಾಠ. ಕ್ಲಾಡಿಯಾ ಗೋಲ್ಡಿನ್ ಕಾಲೇಜಿಗೆ ಸೇರಿದಾಗ ಮೈಕ್ರೋಬಯಾಲಜಿ ಮಾಡ್ಬೇಕು ಅಂತಿದ್ರು.

ಇನ್ನು ಪಾಠ ಮಾಡಿ ಬಂದೋರು. ಮೈಕಲ್ ಕ್ರೆಮರ್, 2019ರ ನೊಬೆಲ್. ಡಿಗ್ರಿ ಆದ್ಮೇಲೆ ಕೀನ್ಯಾಕ್ಕೆ ಹೋಗಿ ಒಂದು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದ್ರು, ಪಿಎಚ್‌ಡಿ ಆಮೇಲೆ. ವರ್ಷಗಳಾದ್ಮೇಲೆ ಅದೇ ಕೀನ್ಯಾದಲ್ಲಿ ಅವ್ರು ಮತ್ತೆ ಜೊತೆಗಾರರು, ಮಕ್ಕಳಿಗೆ ಪಠ್ಯಪುಸ್ತಕ ಹಂಚಿದ್ರೆ ಮಾರ್ಕ್ಸು ಏರುತ್ತಾ ಅಂತ ಪರೀಕ್ಷೆ ಮಾಡ್ತಾರೆ. ಸರಾಸರಿ ಏರಲ್ಲ. ಮೊದ್ಲೇ ಚೆನ್ನಾಗಿ ಓದ್ತಿದ್ದ ಮಕ್ಕಳಿಗೆ ಮಾತ್ರ ಉಪಯೋಗ ಆಗುತ್ತೆ, ಯಾಕಂದ್ರೆ ಪುಸ್ತಕ ಇಂಗ್ಲಿಷಲ್ಲಿತ್ತು, ತುಂಬಾ ಮಕ್ಕಳಿಗೆ ಅದು ಮೂರನೇ ಭಾಷೆ. ಈ ಕಾರಣ ಕ್ಲಾಸಲ್ಲಿ ನಿಂತೋರಿಗೆ ಬೇಗ ಹೊಳೆಯುತ್ತೆ.

ಇನ್ನೊಬ್ರು ಹೆಲೆನ್ ಪೇಟ್-ಬೇನ್, ಇವ್ರ ಬಗ್ಗೆ ನೀವು ತಿಳ್ಕೊಳ್ಳಲೇಬೇಕು. ಟೆನೆಸ್ಸಿಯ ಸ್ಕೂಲ್ ಟೀಚರ್, ಆಮೇಲೆ ಯೂನಿವರ್ಸಿಟಿಲಿ ಪಾಠ. ಕ್ಲಾಸಲ್ಲಿ ಮಕ್ಕಳು ಕಡಿಮೆ ಇದ್ರೆ ಚೆನ್ನಾಗಿ ಕಲೀತಾರೆ ಅನ್ನೋದನ್ನ ಸರ್ಕಾರದ ಖರ್ಚಲ್ಲೇ ದೊಡ್ಡದಾಗಿ ಪರೀಕ್ಷೆ ಮಾಡ್ಬೇಕು ಅಂತ ಹಟ ಹಿಡಿದೋರಲ್ಲಿ ಮುಖ್ಯರು. ಅದ್ರಿಂದ 1985ರಲ್ಲಿ ಶುರುವಾಗಿದ್ದು ಸ್ಟಾರ್ ಪ್ರಯೋಗ, 79 ಶಾಲೆ, 11 ಸಾವಿರಕ್ಕೂ ಜಾಸ್ತಿ ಮಕ್ಕಳು, ಕೆಲವ್ರು 13ರಿಂದ 17 ಮಕ್ಕಳ ಕ್ಲಾಸಿಗೆ ಕೆಲವ್ರು 22ರಿಂದ 25ರ ಕ್ಲಾಸಿಗೆ, ಯಾರು ಎಲ್ಲಿಗೆ ಅನ್ನೋದು ಚೀಟಿ ಎತ್ತಿದ ಹಾಗೆ. ಸಣ್ಣ ಕ್ಲಾಸಿನ ಮಕ್ಕಳು ಮುಂದೆ ಬಂದ್ರು. ಆಮೇಲೆ ಅಲನ್ ಕ್ರೂಗರ್‌ನಂಥ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಆ ಡೇಟಾ ಇಟ್ಕೊಂಡು ಪೇಪರ್ ಬರೆದ್ರು. ಹಾಗಾಗಿ ಆ ಪ್ರೊಫೆಸರ್ ಹೇಳಿದ ಮಾತು ನೀವು ಮನಸ್ಸಿಗೆ ಹಚ್ಕೋಬೇಡಿ.

ಆದ್ರೆ ಒಂದು ಮಾತು ಮುಚ್ಚಿಡೋದು ತಪ್ಪಾಗುತ್ತೆ. ಆ ಕಾಲದ ಬಾಗಿಲು ಈಗ ಅಷ್ಟು ಅಗಲ ಇಲ್ಲ. ನನ್ನ ಬ್ಯಾಚಲ್ಲಿ ಇರೋರೆಲ್ಲ ಎಕನಾಮಿಕ್ಸ್ ಇಲ್ಲಾ ಮ್ಯಾಥ್ಸ್ ಓದಿ ಎರಡು ವರ್ಷ ಯಾರದ್ದೋ ಕೈಕೆಳಗೆ ರಿಸರ್ಚ್ ಅಸಿಸ್ಟೆಂಟ್ ಆಗಿ ಬಂದೋರು. ಎಕನಾಮೆಟ್ರಿಕ್ಸ್, ಅಂದ್ರೆ ಅಂಕಿಅಂಶ ಇಟ್ಕೊಂಡು ಅರ್ಥಶಾಸ್ತ್ರದ ಪ್ರಶ್ನೆಗೆ ಉತ್ತರ ಹುಡುಕೋ ವಿಧಾನ, ಅದಿಲ್ದೆ ಒಂದು ಹೆಜ್ಜೆ ಮುಂದೆ ಹೋಗಕ್ಕಾಗಲ್ಲ. ಅದನ್ನ ಕಲೀಲೇಬೇಕು, ಕಲಿಯೋಕೆ ಆಗುತ್ತೆ.

---

ಬೆಟಗೇರಿಯಾಂವ:

ಸರ್, ನಾ ಧಾರವಾಡದಾಗ ಕಾಲೇಜಿನ್ಯಾಗ ಅರ್ಥಶಾಸ್ತ್ರ ಕಲಿಸಿ ರಿಟೈರ್ ಆದಾಂವ. ಮ್ಯಾಲಿನ ತಂಗಿ ಹೇಳಿದ್ದು ಎಲ್ಲಾ ಖರೆ, ಆದ್ರ ಎಲ್ಲಾ ಹೊರಗಿನ ಮಂದಿ ಹೆಸರ ಬಂದ್ವು. ನಮ್ಮ ದೇಶದಾಗೂ ಈ ವಿಷಯಕ್ಕ ಒಂದು ಪರಂಪರಾ ಐತಿ, ಅದರ ಒಂದು ಬೇರು ನಮ್ಮ ಧಾರವಾಡ ಮಗ್ಗಲಾಗ ಐತಿ, ಭಾಳ ಮಂದಿಗೆ ಗೊತ್ತಿಲ್ಲ.

ಜೆ.ಪಿ. ನಾಯಕ್ ಅಂತ ಇದ್ರು, ಕೊಲ್ಹಾಪುರ ಕಡೆಯವರು. ಸ್ವಾತಂತ್ರ್ಯ ಚಳವಳ್ಯಾಗ ಜೈಲಿಗೆ ಹೋಗಿಬಂದು 1930ರ ದಶಕದಾಗ ನಮ್ಮ ಉಪ್ಪಿನಬೆಟಗೇರಿಗೆ ಬಂದು ನೆಲಿ ನಿಂತ್ರು. ಊರಾಗ ಸಾಲಿ, ಆರೋಗ್ಯ, ಸ್ವಚ್ಛತಾ ಅಂತ ಹಳ್ಳಿ ಕೆಲಸ ಮಾಡಿದ್ರು. ಸಾಲಿಗೆ ಹುಡುಗೂರು ಯಾಕ ಬರೂದಿಲ್ಲ, ಬಂದ್ರ ಯಾಕ ನಡುವ ಬಿಡ್ತಾರ, ಒಂದು ಸಾಲಿ ನಡಸಾಕ ರೊಕ್ಕ ಎಲ್ಲಿಂದ ತರೂದು, ಇವೆಲ್ಲಾ ಅವರು ಪುಸ್ತಕ ಓದಿ ಕಲತಿದ್ದಲ್ಲ, ನಮ್ಮೂರ ಓಣ್ಯಾಗ ಅಡ್ಡಾಡಿ ಕಲತದ್ದು. ಅದಾ ಮನಷ್ಯಾ 1964ರಾಗ ದೇಶದ ಶಿಕ್ಷಣಕ್ಕ ದಾರಿ ತೋರಸಾಕ ಕೇಂದ್ರ ಸರಕಾರ ನೇಮಿಸಿದ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿ ಆದ್ರು. ರಾಷ್ಟ್ರದ ಆದಾಯದಾಗ 6 ಪರ್ಸೆಂಟ್ ಶಿಕ್ಷಣಕ್ಕ ಇಡಬೇಕು ಅಂತ ಇವತ್ತಿನ ತನಕಾ ಎಲ್ಲಾರೂ ಹೇಳ್ತಾರಲ್ಲ, ಆ ಮಾತು ಬಂದಿದ್ದು ಆ ವರದ್ಯಾಗಿಂದ. ಆಯೋಗದ ಅಧ್ಯಕ್ಷರು ಡಿ.ಎಸ್. ಕೊಠಾರಿ ಭೌತಶಾಸ್ತ್ರದವರು. ಸಮಾನತಾ, ಗುಣಮಟ್ಟ, ಪ್ರಮಾಣ ಈ ಮೂರೂ ಒಮ್ಮೆಲೇ ಹೆಂಗ ಹಿಡಿಯೂದು ಅನ್ನೂದ ನಾಯಕರ ಜೀವನಪೂರ್ತಿ ಪ್ರಶ್ನಿ ಆಗಿತ್ತು. ನಿಮ್ಮ 59 ಹುಡುಗೂರ ಪ್ರಶ್ನಿ ಅದಾ ಜಾತಿದ್ದು ಸರ್.

ಇನ್ನ ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನ್ಯಾಗ ಭಾರತದ ರಾಷ್ಟ್ರೀಯ ಆದಾಯದ ಲೆಕ್ಕಾ ಹಾಕಿ ಡಾಕ್ಟರೇಟ್ ತಗೊಂಡವರು, ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ನಮ್ಮ ಬಳ್ಳಾರಿಯಿಂದ ಲೋಕಸಭಾಕ್ಕ ಆರಿಸಿ ಹೋಗಿ 1969ರಿಂದ ಎರಡು ವರ್ಷ ಕೇಂದ್ರದ ಶಿಕ್ಷಣ ಮಂತ್ರಿ. 1972ಕ್ಕ ಬೆಂಗಳೂರಿನ್ಯಾಗ ಐಸೆಕ್ ಅನ್ನೂ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಸುರು ಮಾಡಿದ್ರು. ನಾಗರಬಾವಿಗೆ ಹೋದ್ರ ಆ ಲೈಬ್ರರಿ ಒಮ್ಮೆ ನೋಡ್ರಿ, ನಾ ಅಲ್ಲೆ ಬ್ಯಾಸಗಿ ರಜಾದಾಗ ತಿಂಗಳಗಟ್ಲೆ ಕುಂತು ಓದೀನಿ. ರಾಷ್ಟ್ರಪತಿ ಆಗಿದ್ದ ಝಾಕಿರ್ ಹುಸೇನರನ್ನ ಎಲ್ಲಾರೂ ಶಿಕ್ಷಣ ತಜ್ಞ ಅಂತಾರ, ಅವರ ಡಾಕ್ಟರೇಟ್ ಬರ್ಲಿನ್‌ನ್ಯಾಗ ಅರ್ಥಶಾಸ್ತ್ರದ್ದು. ದಿಲ್ಲಿಯ ನೀಪಾ ಅನ್ನೂ ಶಿಕ್ಷಣ ಯೋಜನಾ ಸಂಸ್ಥೆದಾಗ ಜಂಧ್ಯಾಲ ತಿಲಕ್ ಅವರು ದಶಕಗಟ್ಲೆ ಶಿಕ್ಷಣದ ಖರ್ಚು, ಫೀ, ಸರಕಾರದ ಪಾಲು ಇದರ ಮ್ಯಾಲೆ ಬರದಾರ, ಅವರದು ಅರ್ಥಶಾಸ್ತ್ರದ ದಾರಿ. ವಿಲಾಯತಿಯ ಮಾರ್ಕ್ ಬ್ಲಾಗ್ ಆರ್ಥಿಕ ವಿಚಾರಗಳ ಇತಿಹಾಸ ಬರಿಯೂದರಾಗ ಹೆಸರಾದವರು, ಅವರೂ ಇನ್ನಿಬ್ಬರೂ ಕೂಡಿ 1969ರಾಗ ಭಾರತದ ಪದವೀಧರರ ನಿರುದ್ಯೋಗದ ಮ್ಯಾಲೆ ಒಂದು ಪುಸ್ತಕ ತಂದ್ರು. ಐವತ್ತು ವರ್ಷ ದಾಟಿತು, ಡಿಗ್ರಿ ಮುಗಿಸಿದ ಹುಡುಗೂರು ಇನ್ನೂ ಅದಾ ಪ್ರಶ್ನಿ ಹಿಡಕೊಂಡು ನನ್ನ ಮನಿ ಕಟ್ಟಿಗೆ ಬರ್ತಾರ.

ನಾ ಹೇಳೂದು ಇಷ್ಟ, ಎಕನಾಮೆಟ್ರಿಕ್ಸ್ ಕಲೀರಿ, ಆದ್ರ ಬಜೆಟ್ ಓದೂದೂ ಕಲೀರಿ. ಒಂದು ಸಾಲಿಗೆ ಬರೂ ಒಂದು ರೂಪಾಯಿ ಯಾವ ಯಾವ ಲೆಕ್ಕಶೀರ್ಷಿಕೆ ದಾಟಿ ಬರ್ತದ ಅನ್ನೂದು ಗೊತ್ತಿರೂ ಮಂದಿ ಭಾಳ ಕಡಿಮಿ ಅದಾರ.

---

ಸರ್ವೆ_ಸುಮಾ:

ನಾನು ಬೇರೆ ದಾರಿಯಿಂದ ಬಂದೋಳು. ದಾವಣಗೆರೇಲಿ ಇಂಜಿನಿಯರಿಂಗ್, ಎರಡು ವರ್ಷ ಸಾಫ್ಟ್‌ವೇರು, ಮನಸ್ಸಿಗೆ ಹಿಡಿಸ್ಲಿಲ್ಲ, ಬಿಟ್ಟು ಒಂದು ಸಂಸ್ಥೆಲಿ ಫೀಲ್ಡ್ ಸರ್ವೆ ಕೆಲಸಕ್ಕೆ ಸೇರ್ಕೊಂಡೆ. ಈಗ ಆರು ವರ್ಷ ಆಯ್ತು, ರಾಯಚೂರು ಯಾದಗಿರಿ ಕಡೆ ಶಾಲೆ ಶಾಲೆ ಸುತ್ತಿದೀನಿ. ಈ ಫೀಲ್ಡಿನ ಪೇಪರ್‌ಗಳಲ್ಲಿ ಪ್ರೊಫೆಸರ್‌ಗಳ ಹೆಸರಿರುತ್ತೆ ಆದ್ರೆ ಡೇಟಾ ತರೋರು ನಮ್ಮಂಥ ಬಿಇ, ಬಿಎಸ್‌ಡಬ್ಲ್ಯೂ, ಡಿಎಡ್ ಮಾಡಿರೋರು. ಇದನ್ನೂ ಬ್ಯಾಕ್‌ಗ್ರೌಂಡ್ ಲೆಕ್ಕಕ್ಕೆ ಸೇರಿಸ್ಬೇಕು ಅಂತ ನನ್ನ ಅಭಿಪ್ರಾಯ.

ಮಕ್ಕಳ ಕಲಿಕೆಗೆ ಕೆಲಸ ಮಾಡೋ ಪ್ರಥಮ್ ಅನ್ನೋ ಸಂಸ್ಥೆ ಶುರು ಮಾಡಿದ ಮಾಧವ್ ಚವಾಣ್ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದೋರು, ಮುಂಬೈಲಿ ಕೆಮಿಸ್ಟ್ರಿ ಪಾಠ ಮಾಡ್ತಿದ್ರು. ರುಕ್ಮಿಣಿ ಬ್ಯಾನರ್ಜಿ ಎಕನಾಮಿಕ್ಸ್ ಓದಿ ಶಿಕಾಗೋದಲ್ಲಿ ಪಿಎಚ್‌ಡಿ ಮಾಡಿ ಬಸ್ತಿ ಕೆಲಸಕ್ಕೆ ಬಂದೋರು. 2005ರಿಂದ ಅವ್ರು ತಂದ ಅಸರ್ ಸರ್ವೆ ಎಷ್ಟು ಸರಳ ನೋಡಿ, ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ, ಮನೆಗೇ ಹೋಗಿ ಮಗು ಪಕ್ಕ ನೆಲದ ಮೇಲೆ ಕೂತ್ಕೊಂಡು ಒಂದು ಹಾಳೆ ಕೊಡೋದು. ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಒಂದು ಕಥೆ. ಲೆಕ್ಕದಲ್ಲಿ ದಶಕ ತಗೊಂಡು ಕಳೆಯೋದು, ಮೂರಂಕಿ ಸಂಖ್ಯೆಯನ್ನ ಒಂದಂಕಿಯಿಂದ ಭಾಗಿಸೋದು. ಶಾಲೆಗೆ ಹೋಗ್ದೆ ಮನೆಗೆ ಯಾಕೆ ಹೋಗ್ತಾರೆ ಅಂದ್ರೆ ಅವತ್ತು ಗೈರುಹಾಜರಾದ ಮಗು, ಪ್ರೈವೇಟ್ ಸ್ಕೂಲ್ ಮಗು, ಶಾಲೆ ಬಿಟ್ಟ ಮಗು ಎಲ್ಲರೂ ಸಿಕ್ತಾರೆ.

ನಾನು ಇಂಥದ್ದೇ ಒಂದು ಸರ್ವೆ ಮಾಡುವಾಗ ದೇವದುರ್ಗ ಕಡೆ ಒಂದು ಮನೆ, ಹುಡುಗಿ ಐದನೇ ಕ್ಲಾಸು. ಪ್ಯಾರಾ ಕೊಟ್ಟೆ. "ಮ… ಳೆ… ಬಂ…" ಅಂತ ಒಂದೊಂದೇ ಅಕ್ಷರ ಬೆರಳಿಟ್ಟು ಓದ್ತಾಳೆ, ಒತ್ತಕ್ಷರ ಬಂದ ಕೂಡ್ಲೇ ನಿಂತುಬಿಡ್ತಾಳೆ. ಅವರಮ್ಮ ಮೊರದಲ್ಲಿ ಜೋಳ ಹಸನು ಮಾಡ್ತಿದ್ದೋರು ಕೈ ನಿಲ್ಲಿಸಿ ಕೇಳ್ತಾ ಕೂತ್ರು, ಐದು ವರ್ಷ ದಿನಾ ಶಾಲೆಗೆ ಕಳಿಸೀನಲ್ರಿ ಮೇಡಂ ಅಂದ್ರು. ನನ್ನ ಫಾರಂನಲ್ಲಿ ಅದು ಒಂದು ಟಿಕ್ ಮಾರ್ಕು, "ಪದ ಓದಬಲ್ಲಳು, ಪ್ಯಾರಾ ಓದಲಾರಳು". ಆ ಟಿಕ್ ಮಾರ್ಕು ಹೆಂಗೆ ಬಂತು ಅನ್ನೋದು ಗೊತ್ತಿರೋರು ಆ ಕೊನೇ ಟೇಬಲ್ ಬರೀಬೇಕು ಸರ್, ಹಂಗಾಗಿ ನೀವು ಬರ್ಲೇಬೇಕು.

ಇನ್ನೊಂದು, ಈಗ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಥರದೋರು ಮಾಡಿರೋ ಕೆಲಸ ನೋಡಿ. ಬಿಹಾರದಲ್ಲಿ 2006ರಿಂದ 9ನೇ ಕ್ಲಾಸಿನ ಹೆಣ್ಮಕ್ಕಳಿಗೆ ಸೈಕಲ್‌ಗೆ ದುಡ್ಡು ಕೊಟ್ರಲ್ಲ, ಅದ್ರಿಂದ ದಾಖಲಾತಿ 32 ಪರ್ಸೆಂಟ್ ಏರಿತು ಅಂತ ಅವ್ರು ಮತ್ತೆ ನಿಶಿತ್ ಪ್ರಕಾಶ್ ತೋರಿಸಿದ್ರು. ಹೆಂಗೆ ತೋರಿಸಿದ್ರು ಅಂದ್ರೆ ಬಿಹಾರದ ಹುಡುಗೀರನ್ನ ಅಲ್ಲಿನ ಹುಡುಗರ ಜೊತೆ ಹೋಲಿಸಿ, ಆ ವ್ಯತ್ಯಾಸವನ್ನ ಪಕ್ಕದ ಝಾರ್ಖಂಡ್ ಜೊತೆ ಹೋಲಿಸಿ, ಅದೂ ಸೈಕಲ್ ಬರೋಕೆ ಮುಂಚೆ ಮತ್ತೆ ಆಮೇಲೆ. ಹೈಸ್ಕೂಲು ದೂರ ಇರೋ ಹಳ್ಳಿಗಳಲ್ಲೇ ಏರಿಕೆ ಜಾಸ್ತಿ. ನಮ್ಮಲ್ಲೂ 2006-07ರಿಂದ 8ನೇ ಕ್ಲಾಸಿಗೆ ಸೈಕಲ್ ಕೊಟ್ರು, ಹುಡುಗರಿಗೂ ಹುಡುಗೀರಿಗೂ. ಆ ಸೈಕಲ್ ಏರಿ ಹೋದ ಎಷ್ಟೋ ಹುಡುಗೀರು ಈಗ ನಮ್ಮ ಸರ್ವೆ ಟೀಮಲ್ಲೇ ಇದಾರೆ.

---

ಗೆಸ್ಟ್_ಲೆಕ್ಚರರ್:

ಎಲ್ರೂ ಉತ್ಸಾಹ ತುಂಬಿದಾರೆ, ನಾನು ಸ್ವಲ್ಪ ಎಚ್ಚರಿಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಎಕನಾಮಿಕ್ಸಲ್ಲಿ ಪಿಎಚ್‌ಡಿ ಮುಗಿಸಿ ಏಳು ವರ್ಷ ಆಯ್ತು, ಇನ್ನೂ ಗೆಸ್ಟ್ ಆಗೇ ಇದೀನಿ, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕಾಯೋದು. ಸರ್ ನಿಮ್ಮ ಕೆಲಸ ಯಾವ ಕಾರಣಕ್ಕೂ ಬಿಡ್ಬೇಡಿ. ಯುಜಿಸಿ 2022ರ ರೂಲ್ಸ್ ಪ್ರಕಾರ ಪಾರ್ಟ್‌ಟೈಮ್ ಪಿಎಚ್‌ಡಿಗೆ ಅವಕಾಶ ಇದೆ, ಇಲಾಖೆಯಿಂದ ಎನ್‌ಓಸಿ ಬೇಕು. ಮಾಸ್ಟರ್ಸಲ್ಲಿ 55 ಪರ್ಸೆಂಟ್ ಇರ್ಬೇಕು, ನಿಮ್ದು ದಾಟಿದೆ. 2024ರಿಂದ ಪಿಎಚ್‌ಡಿ ಅಡ್ಮಿಶನ್‌ಗೂ ನೆಟ್ ಸ್ಕೋರ್ ತಗೋತಾರೆ. ನೆಟ್‌ನಲ್ಲಿ ಎಕನಾಮಿಕ್ಸ್ ಬೇರೆ ಎಜುಕೇಶನ್ ಬೇರೆ ಪೇಪರ್, ನೀವು ಎಂಎ ಮಾಡಿರೋದು ಎಕನಾಮಿಕ್ಸ್, ಅದ್ರಲ್ಲೇ ಬರೀರಿ. ಗೈಡ್ ಯಾರು ಅನ್ನೋದು ಯೂನಿವರ್ಸಿಟಿ ಹೆಸರಿಗಿಂತ ಮುಖ್ಯ. ನನ್ನ ಗೈಡ್ ಎರಡು ವರ್ಷ ನನ್ನ ಚಾಪ್ಟರ್ ಓದ್ಲೇ ಇಲ್ಲ, ಆ ವರ್ಷಗಳು ವಾಪಸ್ ಬರಲ್ಲ.

---

ನಲಿಕಲಿ_ಮೇಷ್ಟ್ರು:

ಇಷ್ಟೆಲ್ಲ ಬರೆದಿದ್ದೀರಿ, ಎಲ್ರಿಗೂ ಕೈ ಮುಗೀತೀನಿ. ಪೇಟ್-ಬೇನ್ ಟೀಚರ್ ವಿಷಯ ಓದಿ ರಾತ್ರಿ ಹೆಂಡ್ತಿಗೂ ಓದಿ ಹೇಳ್ದೆ. ಗೆಸ್ಟ್ ಸರ್, ನಿಮ್ಮ ಮಾತು ನೆನಪಲ್ಲಿ ಇಟ್ಕೊಳ್ತೀನಿ, ಕೆಲಸ ಬಿಡಲ್ಲ, ನಿಮಗೂ ಬೇಗ ಒಳ್ಳೇದಾಗ್ಲಿ. ಅಂಕೆಸಂಖ್ಯೆ ಮೇಡಂ, ನನ್ನ 59ರ ಪ್ರಶ್ನೆಗೆ ಸ್ಟಾರ್ ಥರ ಚೀಟಿ ಎತ್ತೋಕೆ ನನ್ನ ಕೈಲಿ ಆಗಲ್ಲ. ನಮ್ಮಂಥೋರು ಏನ್ ಮಾಡೋದು?

---

ಅಂಕೆಸಂಖ್ಯೆ:

ಸರ್, ನಿಮ್ಮ ಶಾಲೇಲಿ ಆಗಿರೋದೇ ಒಂದು ಪ್ರಯೋಗ, ಚೀಟಿ ಎತ್ತೋದು ಬೇಕಾಗಿಲ್ಲ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ 60 ಮಕ್ಕಳವರೆಗೂ ಇಬ್ರು ಟೀಚರ್ಸು, 61ರಿಂದ 90ಕ್ಕೆ ಮೂವರು. 59 ಮಕ್ಕಳಿರೋ ಊರಿಗೂ 62 ಮಕ್ಕಳಿರೋ ಊರಿಗೂ ಬೇರೆ ಏನೂ ವ್ಯತ್ಯಾಸ ಇರಲ್ಲ, ಅದೇ ಮಳೆ, ಅದೇ ಕೂಲಿ, ಅದೇ ಥರದ ಅಪ್ಪ ಅಮ್ಮ. ಆದ್ರೆ ಒಂದು ಕಡೆ ಇಬ್ರು ಮೇಷ್ಟ್ರು, ಇನ್ನೊಂದು ಕಡೆ ಮೂವರು. ಅಂಥ ನೂರಾರು ಶಾಲೆಗಳನ್ನ ಪಕ್ಕಪಕ್ಕ ಇಟ್ಟು ಮಕ್ಕಳ ಕಲಿಕೆ ನೋಡಿದ್ರೆ ಮೂರನೇ ಮೇಷ್ಟ್ರ ಬೆಲೆ ಗೊತ್ತಾಗುತ್ತೆ.

ಇದನ್ನೇ ಇಸ್ರೇಲಲ್ಲಿ ಮಾಡಿದ್ರು. ಅಲ್ಲಿ ಒಂದು ಕ್ಲಾಸಿಗೆ 40 ಮಕ್ಕಳು ಮಿತಿ, 41ನೇ ಮಗು ಬಂದ ಕೂಡ್ಲೇ ಕ್ಲಾಸು ಎರಡು ಭಾಗ. ಜೋಶುವಾ ಆಂಗ್ರಿಸ್ಟ್ ಮತ್ತೆ ವಿಕ್ಟರ್ ಲಾವಿ 1999ರಲ್ಲಿ ಈ ಗೆರೆಯ ಎರಡೂ ಕಡೆ ಹೋಲಿಸಿ ಸಣ್ಣ ಕ್ಲಾಸಲ್ಲಿ ಐದನೇ ಕ್ಲಾಸಿನ ಮಕ್ಕಳ ಮಾರ್ಕ್ಸು ಜಾಸ್ತಿ ಅಂತ ತೋರಿಸಿದ್ರು. ಆಂಗ್ರಿಸ್ಟ್‌ಗೆ 2021ರಲ್ಲಿ ನೊಬೆಲ್ ಬಂತು, ಇಂಥ ವಿಧಾನಗಳಿಗೇ. ಆದ್ರೆ ಕಥೆ ಅಲ್ಲಿಗೆ ಮುಗಿಯಲ್ಲ. ಅವ್ರೇ 20 ವರ್ಷ ಆದ್ಮೇಲೆ, 2019ರಲ್ಲಿ, ಹೊಸ ಡೇಟಾ ತಗೊಂಡು ಮತ್ತೆ ನೋಡಿದ್ರೆ ಪರಿಣಾಮ ಕಾಣಲ್ಲ, ಜೊತೆಗೆ ದಾಖಲಾತಿ ಸಂಖ್ಯೆಯನ್ನ ಗೆರೆ ಹತ್ರ ತಿದ್ದಿರೋ ಗುರುತು ಸಿಗುತ್ತೆ. ತಮ್ಮ ಹಳೇ ಪೇಪರ್‌ಗೆ ವಿರುದ್ಧ ಬಂದಿದ್ದನ್ನ ತಾವೇ ಪ್ರಕಟ ಮಾಡಿದ್ರು, ಅದಕ್ಕೇ ನನಗೆ ಅವ್ರ ಮೇಲೆ ಗೌರವ. ಚಿಲಿ ದೇಶದಲ್ಲೂ 45ರ ಗೆರೆ ಹತ್ರ ಶಾಲೆಯವ್ರೇ ಸಂಖ್ಯೆ ಹೊಂದಿಸಿಕೊಳ್ತಿದ್ರು ಅಂತ ಇನ್ನಿಬ್ರು ತೋರಿಸಿದಾರೆ. ಹಾಗಾಗಿ ನಿಮ್ಮನ್ನೇ ಕೇಳ್ತೀನಿ, ನಮ್ಮ ಕಡೆ 60ರ ಹತ್ರ ಹಂಗೆ ಆಗುತ್ತಾ?

---

ನಲಿಕಲಿ_ಮೇಷ್ಟ್ರು:

ಆಗುತ್ತೆ ಮೇಡಂ. ಎಣಿಕೆ ದಿನ ಹತ್ರ ಬಂತು ಅಂದ್ರೆ ನಾವು ಮನೆ ಮನೆಗೆ ಹೋಗ್ತೀವಿ, ಆರು ವರ್ಷ ತುಂಬೋಕೆ ಸ್ವಲ್ಪ ದಿನ ಇರೋ ಮಗುನೂ ಕಳಿಸಿ ಅಂತ ಕೇಳ್ತೀವಿ. ಗುಳೆ ಹೋಗಿರೋ ಮಗುವಿನ ಹೆಸ್ರು ವಾಪಸ್ ಬರ್ತಾರೆ ಅಂತ ತೆಗೆಯದೇ ಇಟ್ಕೊಂಡಿರೋ ಶಾಲೆಗಳೂ ಇವೆ. ಒಬ್ಬ ಟೀಚರ್ ಉಳೀಲಿ ಅಂತ ಮಾಡೋದು, ಮಕ್ಕಳಿಗೋಸ್ಕರಾನೇ. ಎಲ್ಲಾ ಕಡೆ ಹಿಂಗಿಲ್ಲ. ನಮ್ಮ ಶಾಲೇಲಿ ಆ ಅಣ್ಣ ತಂಗಿ ಹೆಸ್ರು ಇಟ್ಕೊಳ್ಳಬಹುದಿತ್ತು, ಹೆಡ್‌ಮಿಸ್ಟ್ರೆಸ್ ಒಪ್ಪಲಿಲ್ಲ, ಬೆಂಗಳೂರಲ್ಲಿ ಆ ಮಕ್ಕಳು ಯಾವ್ದಾದ್ರೂ ಶಾಲೆಗೆ ಸೇರೋಕೆ ಟಿಸಿ ಬೇಕಲ್ವಾ ಅಂತ ಕೊಟ್ಟು ಕಳಿಸಿದ್ರು. ಅವ್ರು ಮಾಡಿದ್ದು ಸರಿ ಅಂತ ನನಗೂ ಅನ್ಸುತ್ತೆ, ಆದ್ರೆ ಅದಕ್ಕೆ ಈ 59 ಮಕ್ಕಳು ಬೆಲೆ ತೆತ್ತರು.

ಇನ್ನೊಂದು, 61 ದಾಟಿದ್ರೂ ಮೂರನೇ ಪೋಸ್ಟು ಖಾಲಿ ಇರೋ ಶಾಲೆಗಳಿವೆ. ಅಲ್ಲಿ ಅತಿಥಿ ಶಿಕ್ಷಕರು ಬರ್ತಾರೆ, ಜೂನ್‌ನಲ್ಲಿ ಅಲ್ಲ, ಲೇಟಾಗಿ. ಹಂಗಾಗಿ ಪುಸ್ತಕದಲ್ಲಿ ಮೂರು, ಕ್ಲಾಸಲ್ಲಿ ಎರಡೂವರೆ.

---

ಅಂಕೆಸಂಖ್ಯೆ:

ಸರ್, ನೀವು ಈಗ ನಾಲ್ಕು ಸಾಲಲ್ಲಿ ಬರೆದಿದ್ದು ನಮ್ಮ ಸೆಮಿನಾರ್‌ಗಳಲ್ಲಿ ಗಂಟೆಗಟ್ಲೆ ಚರ್ಚೆ ಆಗೋ ವಿಷಯ. ಗೆರೆ ದಾಟಿದ್ರೂ ಎಲ್ಲರಿಗೂ ಟೀಚರ್ ಸಿಗದೇ ಇರೋದಕ್ಕೆ ಫಜಿ ಅಂತ ಕರೀತಾರೆ, ಅದಕ್ಕೆ ಬೇರೆ ಲೆಕ್ಕ ಇದೆ, ಕಲಿಸ್ತೀನಿ. ಹೆಸ್ರು ಉಳಿಸ್ಕೊಳ್ಳೋದನ್ನ ಕಂಡುಹಿಡಿಯೋಕೆ ಮೊದ್ಲು ಒಂದು ಸಣ್ಣ ಕೆಲಸ ಮಾಡಿ. ಯುಡೈಸ್ ಪ್ಲಸ್ ಅನ್ನೋ ಸರ್ಕಾರದ ಶಾಲಾ ಅಂಕಿಅಂಶದ ಸೈಟಲ್ಲಿ ಶಾಲಾವಾರು ದಾಖಲಾತಿ ಸಿಗುತ್ತೆ. ನಿಮ್ಮ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಗಳನ್ನ ತಗೊಂಡು 55 ಮಕ್ಕಳಿರೋ ಶಾಲೆ ಎಷ್ಟು, 56 ಎಷ್ಟು, ಹಿಂಗೆ 66ರವರೆಗೂ ಎಣಿಸಿ ಕಂಬ ಹಾಕಿ. 59, 60ರ ಕಂಬ ಗಿಡ್ಡ ಇದ್ದು 61, 62ರ ಕಂಬ ಇದ್ದಕ್ಕಿದ್ದ ಹಾಗೆ ಎತ್ತರ ಇದ್ರೆ ಗೊತ್ತಾಗಿ ಹೋಗುತ್ತೆ. ಎಕ್ಸೆಲ್ ಸಾಕು. ಆಮೇಲೆ 'ಆರ್' (R) ಕಲಿಯೋಣ, ಅಂಕಿಅಂಶದ ಫ್ರೀ ಸಾಫ್ಟ್‌ವೇರು. ಭಾನುವಾರ ನಿಮ್ಮ ಸಂಜೆ ಹೊತ್ತು ನನಗೆ ಮಧ್ಯಾಹ್ನ, ಫೋನಲ್ಲಿ ಕೂರೋಣ.

---

ಬೆಟಗೇರಿಯಾಂವ:

ನನ್ನೂ ಆ ಫೋನಿನ್ಯಾಗ ಸೇರಿಸ್ಕೋರಿ. ಧಾರವಾಡ ಜಿಲ್ಲಾದ್ದು ನಾ ಎಣಸ್ತೀನಿ, ವ್ಯಾಳ್ಯಾ ಐತಿ. ಎರಡೂ ಜಿಲ್ಲಾ ಮಗ್ಗಲ ಮಗ್ಗಲ ಇಟ್ಟು ನೋಡೂಣು. ಮೇಷ್ಟ್ರ, ನಿಮ್ಮ ಸಾಲಿ ದಾಖಲಾತಿ ರಜಿಸ್ಟರ್ ಎಷ್ಟು ವರ್ಷದ್ದು ಅದಾವು?

---

ನಲಿಕಲಿ_ಮೇಷ್ಟ್ರು:

1974ರಿಂದ ಇದೆ ಸರ್, ಶಾಲೆ ಶುರುವಾದಾಗಿಂದ. ಮೊದಲನೇ ಪುಟ ಇಲಿ ತಿಂದಿದೆ, ಉಳಿದಿದ್ದೆಲ್ಲ ಓದ್ಬಹುದು. ಭಾನುವಾರ ಸಂಜೆ 6 ಗಂಟೆಗೆ ಕೂರ್ತೀನಿ, ನಮ್ಮೂರಲ್ಲಿ ಆ ಹೊತ್ತಿಗೆ ಕರೆಂಟ್ ಇರುತ್ತೆ.